ಚೌಕಿಯಲ್ಲಿ ಎದ್ದ ತುಟಿ ಬೊಕ್ಕೆ: ಒಬ್ಬ ಯಕ್ಷಗಾನ ಕಲಾವಿದರ ಪ್ರಕರಣ ಅಧ್ಯಯನ

ಹಿನ್ನೆಲೆ

ಹೊನ್ನಾವರ–ಕುಮಟಾ ಕಡೆಯ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಕಲಾವಿದರೊಬ್ಬರಿಗೆ ಎರಡು ತಿರುಗಾಟಗಳ ಅವಧಿಯಲ್ಲಿ ಪದೇಪದೇ ಎದ್ದ ತುಟಿ ಬೊಕ್ಕೆ ಮತ್ತು ಅದರ ಚಿಕಿತ್ಸೆಯ ವಿವರ ಇದು. ಗುರುತು ಸಿಗಬಾರದೆಂದು ವಯಸ್ಸು, ಮೇಳ, ಊರಿನ ವಿವರ ಬದಲಿಸಿದೆ.

ಕಲಾವಿದರಿಗೆ ಮೂವತ್ತೈದರ ಆಸುಪಾಸು. ಪುರುಷವೇಷ ಮಾಡುವವರು. ನವೆಂಬರಿನಿಂದ ಮೇ ಕೊನೆಯವರೆಗೆ ಮೇಳದ ಜೊತೆ ಊರೂರು ತಿರುಗಾಟ. ಮಳೆಗಾಲದಲ್ಲಿ ಮನೆಯಲ್ಲಿ ಗದ್ದೆ ಕೆಲಸ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲ. ಮಂಡಿ ಹಾಕಿ ಹಾಕಿ ಮೊಣಕಾಲು ನೋವು ಹಿಡಿದಿದ್ದರಿಂದ ಆಟದ ದಿನಗಳಲ್ಲಿ ಡೈಕ್ಲೋಫೆನಾಕ್ ಮಾತ್ರೆ ನುಂಗುವುದು ರೂಢಿ. ಹೊಗೆಸೊಪ್ಪಿನ ಕವಳವೂ ಇದೆ. ಈ ಎರಡು ಸಂಗತಿಗಳಿಗೂ ತುಟಿಯ ಬೊಕ್ಕೆಗೂ ಏನು ಸಂಬಂಧ ಎನಿಸಬಹುದು. ಸಂಬಂಧ ಇದೆ, ಮುಂದೆ ಬರುತ್ತದೆ.

ತುಟಿ ಬೊಕ್ಕೆಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಒಂದನೆಯ ಬಗೆಯ ವೈರಸ್. ಹೆಚ್ಚಿನವರಿಗೆ ಇದು ತಗಲುವುದು ಚಿಕ್ಕಂದಿನಲ್ಲಿ, ಮನೆಯವರ ಮುತ್ತಿನಿಂದ, ಎಂಜಲಿನಿಂದ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಈ ವೈರಸ್ ಇದೆ. ಒಮ್ಮೆ ಹೊಕ್ಕಮೇಲೆ ಅದು ಮುಖದ ಸಂವೇದನೆಯ ನರದ ಬುಡದಲ್ಲಿ ಅಡಗಿ ಕೂರುತ್ತದೆ. ಅಲ್ಲಿಂದ ಅದನ್ನು ಪೂರ್ತಿ ಕಿತ್ತು ಹಾಕುವ ಔಷಧ ಇನ್ನೂ ಬಂದಿಲ್ಲ. ಜ್ವರ, ನಿದ್ದೆಗೇಡು, ಸುಡುಬಿಸಿಲು, ಹಲ್ಲಿನ ಚಿಕಿತ್ಸೆ, ಮುಟ್ಟಿನ ದಿನಗಳು, ತುಟಿಗೆ ಆದ ತರಚು ಇವುಗಳಲ್ಲಿ ಯಾವುದಾದರೂ ಒಂದು ನೆಪವಾದರೆ ಅದೇ ನರದ ಗುಂಟ ಇಳಿದು, ಹೆಚ್ಚಾಗಿ ಹಿಂದಿನ ಜಾಗದಲ್ಲೇ ಏಳುತ್ತದೆ.

ಯಕ್ಷಗಾನದ ತಿರುಗಾಟದಲ್ಲಿ ಈ ನೆಪಗಳು ಒಟ್ಟಿಗೇ ಸೇರುತ್ತವೆ. ರಾತ್ರಿಯಿಡೀ ನಿದ್ದೆ ಇಲ್ಲ. ಹಗಲು ಬಿಸಿಲಲ್ಲಿ ಪ್ರಯಾಣ. ಮೀಸೆ ಅಂಟಿಸುವ ಗೋಂದು ಮೇಲ್ದುಟಿಯ ಅಂಚಿಗೆ ತಾಗುತ್ತದೆ, ಬೆಳಗ್ಗೆ ಎಣ್ಣೆ ಹಚ್ಚಿ ಬಣ್ಣ ತಿಕ್ಕುವಾಗ ಅದೇ ಚರ್ಮ ಉಜ್ಜಿಹೋಗುತ್ತದೆ.

ತೊಂದರೆ ಮತ್ತು ಮೊದಲ ತಪ್ಪು ದಾರಿ

ಹಿಂದಿನ ತಿರುಗಾಟದ ಕೊನೆಯ ತಿಂಗಳುಗಳಲ್ಲಿ ಮೂರು ಸಲ ಎದ್ದಿತ್ತು. ಈ ಸಲ ನವೆಂಬರ್ ಕೊನೆಗೇ ಶುರು. ಎಡಬದಿಯ ಮೇಲ್ದುಟಿಯ ಅಂಚಿನಲ್ಲಿ ಸಣ್ಣ ಗೊಂಚಲು, ಎಂಟು ದಿನಕ್ಕೆ ಒಣಗಿ ಹೋಯಿತು, ಔಷಧವೇನೂ ಇಲ್ಲದೆ. ಜನವರಿಯಲ್ಲಿ ಮತ್ತೆ ಎದ್ದಾಗ ಗೋಂದಿನ ಅಲರ್ಜಿ ಎಂದುಕೊಂಡರು. ಜಾಗ ಮೀಸೆಯ ಅಂಚೇ ಆಗಿದ್ದರಿಂದ ಹಾಗೆ ಅನಿಸಿದ್ದು ಸಹಜ. ಔಷಧದಂಗಡಿಯಲ್ಲಿ ಕೇಳಿದಾಗ ಸ್ಟೀರಾಯ್ಡ್, ಆಂಟಿಬಯೊಟಿಕ್, ಫಂಗಸ್ ನಾಶಕ ಮೂರೂ ಬೆರೆಸಿದ ಕ್ರೀಮಿನ ಟ್ಯೂಬ್ ಕೊಟ್ಟರು.

ಆ ಟ್ಯೂಬ್ ಮೊದಲ ದಿನ ನಿಜವಾಗಿಯೂ ಗುಣ ಕಾಣಿಸಿತು, ಮೋಸವಾಗುವುದು ಇಲ್ಲೇ. ಕೆಂಪು, ಊತ, ಉರಿ ಇವೆಲ್ಲ ನಮ್ಮ ದೇಹ ವೈರಸ್ಸಿನ ಮೇಲೆ ಬಿದ್ದು ಹೋರಾಡುವುದರ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನು ಅಡಗಿಸುತ್ತದೆ. ಕೆಂಪು ಇಳಿಯುತ್ತದೆ, ವೈರಸ್ ಮಾತ್ರ ಪಕ್ಕದ ಕೋಶಗಳಿಗೆ ಹಬ್ಬುತ್ತಲೇ ಇರುತ್ತದೆ. ಜನವರಿಯ ಬೊಕ್ಕೆ ಒಣಗಲು ಎರಡು ವಾರ ಹಿಡಿಯಿತು. ಆದರೂ ಟ್ಯೂಬ್ ಮೇಲಿನ ನಂಬಿಕೆ ಹೋಗಲಿಲ್ಲ, ಯಾಕೆಂದರೆ ಹಚ್ಚಿದ ರಾತ್ರಿ ಉರಿ ಕಡಿಮೆಯಾಗಿ ವೇಷ ಮಾಡಲು ಸಾಧ್ಯವಾಗಿತ್ತು.

ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ 14 ಬಗೆಯವನ್ನು ಶೆಡ್ಯೂಲ್ ಎಚ್‌ನ ಕಟ್ಟುಪಾಡಿಗೆ ತಂದಿದೆ. ಅಂಗಡಿಯ ಕಪಾಟಿನಿಂದ ಅವು ಇನ್ನೂ ಸಲೀಸಾಗಿ ಕೈಗೆ ಬರುತ್ತವೆ. ಟ್ಯೂಬಿನ ಮೇಲೆ ಕ್ಲೊಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ತುಟಿ ಬೊಕ್ಕೆಗೆ ಅದನ್ನು ಮುಟ್ಟಿಸಲೇಬಾರದು. ವೈರಸ್ ನಾಶಕವಾದ ಅಸೈಕ್ಲೊವಿರ್ ಜೊತೆ ಸೌಮ್ಯ ಹೈಡ್ರೊಕಾರ್ಟಿಸೋನ್ ಬೆರೆಸಿದ ಕ್ರೀಮಿಗೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದುಂಟು. ಅಲ್ಲಿ ವೈರಸ್ಸನ್ನು ತಡೆಯುವ ಔಷಧ ಜೊತೆಗೇ ಇರುವುದರಿಂದ ಆ ಲೆಕ್ಕ ಬೇರೆ.

ಫೆಬ್ರವರಿಯ ಮೊದಲ ವಾರ ಮೂರನೆಯ ಸಲ ಎದ್ದಾಗ ಸಂಗತಿ ಕೈಮೀರಿತು. ಮತ್ತೆ ಅದೇ ಟ್ಯೂಬ್. ಮೂರನೆಯ ದಿನಕ್ಕೆ ಬೊಕ್ಕೆ ಮೂಗಿನ ಹೊಳ್ಳೆಯ ಕೆಳಗಿನವರೆಗೆ ಹರಡಿತು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಹಿರಿಯರೊಬ್ಬರು ನೋಡಿ, “ಇದು ಸರ್ಪಸುತ್ತೇ ಮಾರಾಯಾ, ಕೆಮ್ಮಣ್ಣು ಹಚ್ಚು” ಎಂದರು. ಹಚ್ಚಿದ್ದೂ ಆಯಿತು. ಸರ್ಪಸುತ್ತು ತರುವುದು ಬೇರೆಯದೇ ವೈರಸ್, ಚಿಕನ್‌ಪಾಕ್ಸಿನದ್ದು. ಅದು ಮುಖದ ಅಥವಾ ಮೈಯ ಒಂದು ಬದಿಯಲ್ಲಿ ಅಗಲವಾದ ಪಟ್ಟಿಯಾಗಿ ಏಳುತ್ತದೆ, ಸಾಮಾನ್ಯವಾಗಿ ಜೀವಮಾನಕ್ಕೊಮ್ಮೆ. ವರ್ಷಕ್ಕೆ ನಾಲ್ಕು ಸಲ ಅದೇ ತುಟಿಯ ತುದಿಯಲ್ಲಿ ಏಳುವುದು ಸರ್ಪಸುತ್ತಲ್ಲ. ಒಡೆದ ಬೊಕ್ಕೆಯ ಮೇಲೆ ಮಣ್ಣು ಬಿದ್ದದ್ದರಿಂದ ಕೀವು ಸೇರಿತು, ಜೇನುಬಣ್ಣದ ಹೊಪ್ಪಳೆ ಕಟ್ಟಿತು.

ಐದನೆಯ ದಿನ ವೈದ್ಯರಲ್ಲಿಗೆ ಹೋಗಲು ಕಾರಣವಾದದ್ದು ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರ. ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. “ಹೀಗಿದ್ದ ಮುಖದಲ್ಲಿ ಮಗುವನ್ನು ಎತ್ತಬಹುದಾ?” ಎಂದು ಕೇಳಲು ಹೋದವರು ತಮ್ಮ ಚಿಕಿತ್ಸೆಯನ್ನೂ ಶುರು ಮಾಡಿಕೊಂಡು ಬಂದರು.

ರೋಗ ಗುರುತಿಸಿದ ಬಗೆ

ವೈದ್ಯರು ಯಾವ ದುಬಾರಿ ಪರೀಕ್ಷೆಯನ್ನೂ ಬರೆಯಲಿಲ್ಲ. ಪ್ರಶ್ನೆ ಕೇಳಿದರು. ಪ್ರತಿಸಲ ಅದೇ ಜಾಗವೇ? ಹೌದು. ಏಳುವ ಮೊದಲು ಅಲ್ಲಿ ಚುಮುಚುಮು, ಬಿಗಿತ, ಉರಿ ಇರುತ್ತದೆಯೇ? ಹಿಂದಿನ ದಿನವೇ ಗೊತ್ತಾಗುತ್ತದೆ. ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆಯೇ? ಹೌದು. ಕೊನೆಗೆ, “ಹೋದ ಮಳೆಗಾಲದಲ್ಲಿ ಒಂದಾದರೂ ಎದ್ದಿತ್ತಾ?” ಎಂದಾಗ, “ಇಲ್ಲ ಡಾಕ್ಟ್ರೇ, ತಿರುಗಾಟದಲ್ಲಿ ಮಾತ್ರ” ಎಂಬ ಉತ್ತರ ಬಂತು.

ಮಳೆಗಾಲದಲ್ಲಿ ಏಳದಿರುವುದು ಗೋಂದಿನ ಅಲರ್ಜಿಗೂ ಹೊಂದುತ್ತದೆ, ಹಾಗಾಗಿ ಈ ಒಂದು ಉತ್ತರದಿಂದ ತೀರ್ಮಾನಕ್ಕೆ ಬರುವಂತಿರಲಿಲ್ಲ. ತೀರ್ಮಾನ ಮಾಡಿದ್ದು ಇನ್ನೊಂದು ಸಂಗತಿ: ಅದೇ ಗೋಂದು, ಅದೇ ಮೀಸೆ ಹಾಕಿ ಡಿಸೆಂಬರ್ ಪೂರ್ತಿ ಆಟ ನಡೆದಿತ್ತು, ತುಟಿಗೆ ಏನೂ ಆಗಿರಲಿಲ್ಲ. ಅಲರ್ಜಿಯಾಗಿದ್ದರೆ ಗೋಂದು ತಾಗಿದ ಕಡೆಯಲ್ಲೆಲ್ಲ, ಎರಡೂ ಬದಿಗೆ, ಹಚ್ಚಿದಾಗಲೆಲ್ಲ ತುರಿಕೆ ಬರಬೇಕು. ಇಲ್ಲಿ ತುರಿಕೆಗಿಂತ ಉರಿಯೇ ಹೆಚ್ಚು, ಅದೂ ಒಂದೇ ಬದಿ.

ಬಾಯಿ ಮೂಲೆ ಒಡೆಯುವುದನ್ನೂ, ಬಾಯೊಳಗಿನ ಹುಣ್ಣನ್ನೂ ಜನ ತುಟಿ ಬೊಕ್ಕೆಯ ಜೊತೆ ಸೇರಿಸುತ್ತಾರೆ. ಮೂಲೆ ಬಿರಿಯುವುದಕ್ಕೆ ಫಂಗಸ್, ಕಬ್ಬಿಣಾಂಶ ಅಥವಾ ಬಿ ವಿಟಮಿನ್ ಕೊರತೆ ಕಾರಣವಿರಬಹುದು. ಕೆನ್ನೆಯ ಒಳಗೆ, ನಾಲಗೆಯಡಿ ಆಗುವ ಬಿಳಿ ಹುಣ್ಣು ಅಂಟುವುದೇ ಇಲ್ಲ. ಇವೆರಡಕ್ಕೂ ವೈರಸ್ ಔಷಧ ಕೊಟ್ಟು ಪ್ರಯೋಜನವಿಲ್ಲ.

ರಕ್ತದಲ್ಲಿ ಹರ್ಪಿಸ್ ಪ್ರತಿಕಾಯ ನೋಡುವ ಪರೀಕ್ಷೆ ಮಾಡಿಸೋಣವೇ ಎಂದು ಮನೆಯವರು ಕೇಳಿದ್ದರು. ಬೇಡವೆಂದದ್ದು ಸರಿಯಾದ ನಿರ್ಧಾರ. ದೊಡ್ಡವರಲ್ಲಿ ಹೆಚ್ಚಿನವರಿಗೆ ಆ ಪರೀಕ್ಷೆ ಪಾಸಿಟಿವ್ ಬರುತ್ತದೆ, ಅದರಿಂದ ತುಟಿಯ ಮೇಲಿರುವುದು ಏನೆಂದು ತಿಳಿಯುವುದಿಲ್ಲ. ಬದಲಾಗಿ ಹರ್ಪಿಸ್ ಎಂಬ ಹೆಸರು ಕೇಳಿ ಗಂಡಹೆಂಡಿರ ನಡುವೆ ಸಂಶಯ ಹುಟ್ಟುತ್ತದೆ. ಅನುಮಾನ ಉಳಿದರೆ ಹಸಿ ಬೊಕ್ಕೆಯ ನೀರನ್ನು ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸುವುದೇ ಖಚಿತವಾದ ದಾರಿ.

ಎಡಗಣ್ಣು ಸ್ವಲ್ಪ ಕೆಂಪಾಗಿತ್ತು. ಇದನ್ನು ಮಾತ್ರ ಅಂದಾಜಿಗೆ ಬಿಡಲಿಲ್ಲ, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಲಾಯಿತು. ಫ್ಲೋರೆಸೀನ್ ಹನಿ ಬಿಟ್ಟು ನೀಲಿ ಬೆಳಕಲ್ಲಿ ನೋಡಿದಾಗ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ, ಈ ವೈರಸ್ ಕಣ್ಣಿಗೆ ಹೊಕ್ಕಾಗ ಕಾಣುವ ಕವಲೊಡೆದ ಗೆರೆಯಂಥ ಹುಣ್ಣು ಇರಲಿಲ್ಲ. ಬಣ್ಣ ತೆಗೆಯುವಾಗಿನ ಕೆರಳಿಕೆ ಅಷ್ಟೇ. ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಒಂದೇ ಬಟ್ಟೆಯಿಂದ ತುಟಿ ಒರೆಸಿ ಅದನ್ನೇ ಕಣ್ಣಿಗೆ ಒಯ್ಯುವ ಅಭ್ಯಾಸ ಹೊರಬಿದ್ದದ್ದು ಆಗಲೇ.

ಕೊಟ್ಟ ಔಷಧ

ಸ್ಟೀರಾಯ್ಡ್ ಕ್ರೀಮ್ ಅಲ್ಲಿಗೇ ನಿಂತಿತು. ಹೊಪ್ಪಳೆಯನ್ನು ಕಾಸಿ ಆರಿಸಿದ ನೀರಿನಲ್ಲಿ ನೆನೆಸಿ ಮೆತ್ತಗೆ ತೆಗೆದು, ಕೀವಿಗೆ 2% ಮ್ಯುಪಿರೊಸಿನ್ ಮುಲಾಮು ದಿನಕ್ಕೆ ಮೂರು ಸಲ, ಐದು ದಿನ. ಸಾಮಾನ್ಯವಾಗಿ ಐದನೆಯ ದಿನ ವೈರಸ್ ಔಷಧ ಶುರು ಮಾಡಿ ಹೆಚ್ಚು ಫಲವಿಲ್ಲ. ಆದರೆ ಇಲ್ಲಿ ಸ್ಟೀರಾಯ್ಡಿನಿಂದಾಗಿ ಹೊಸ ಗುಳ್ಳೆಗಳು ಇನ್ನೂ ಏಳುತ್ತಿದ್ದವು, ಅಂದರೆ ವೈರಸ್ ಇನ್ನೂ ಮರಿಹಾಕುತ್ತಿತ್ತು. ಹಾಗಾಗಿ ಅಸೈಕ್ಲೊವಿರ್ 400 ಮಿ.ಗ್ರಾಂ ಮಾತ್ರೆ ದಿನಕ್ಕೆ ಐದು ಸಲ, ಐದು ದಿನ ಎಂದು ಬರೆದರು.

“ದಿನಕ್ಕೆ ಐದು ಸಲ” ಎಂಬುದು ರಾತ್ರಿ ದುಡಿಯುವವನಿಗೆ ಹೊಂದುವುದು ಹೇಗೆ? ಬೆಳಗ್ಗೆ 6ರಿಂದ ರಾತ್ರಿ 10ರವರೆಗಿನ ಮಾಮೂಲಿ ಪಟ್ಟಿ ಕೊಟ್ಟಿದ್ದರೆ ಅವರು ನಿದ್ದೆ ಮಾಡುವ ಹೊತ್ತಿನ ಗುಳಿಗೆ ತಪ್ಪುತ್ತಿತ್ತು. ಅವರ ದಿನವನ್ನೇ ಕೇಳಿಕೊಂಡು ಮಧ್ಯಾಹ್ನ 2, ಸಂಜೆ 6, ರಾತ್ರಿ 10, ನಡುರಾತ್ರಿ 2, ಬೆಳಗ್ಗೆ 6 ಎಂದು ಬರೆದುಕೊಟ್ಟರು. ಇದರಲ್ಲಿ ಒಂದೂ ತಪ್ಪಲಿಲ್ಲ. ಚೀಟಿ ಬರೆಯುವ ಯಾರಿಗಾದರೂ ಇದು ಎರಡು ನಿಮಿಷದ ಕೆಲಸ. ಟ್ರಾಲರ್ ಬೋಟಿಗೆ ಹೋಗುವವರಿಗೂ, ರಾತ್ರಿ ಬಸ್ಸಿನ ಚಾಲಕರಿಗೂ ಇದೇ ರೀತಿ ಕೇಳಿ ಬರೆಯಬೇಕು.

ಮಾತ್ರೆಗೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿದ್ದು ಮೊಣಕಾಲಿನ ಮಾತ್ರೆಯ ಕಾರಣಕ್ಕೆ. ಅಸೈಕ್ಲೊವಿರ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಹರಳುಗಟ್ಟಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಭಾರದ ವೇಷಭೂಷಣ ತೊಟ್ಟು ರಾತ್ರಿಯಿಡೀ ಬೆವರುವವರು, ಮೇಲಿಂದ ಡೈಕ್ಲೋಫೆನಾಕ್ ನುಂಗಿದರೆ ಅಪಾಯ ಹೆಚ್ಚು. ಫಲಿತಾಂಶ ಸರಿಯಾಗಿತ್ತು. ಆ ಐದು ದಿನ ಡೈಕ್ಲೋಫೆನಾಕ್ ಬದಲು ಪ್ಯಾರಾಸಿಟಮಾಲ್, ಆಟದ ನಡುವೆ ಚೌಕಿಗೆ ಬಂದಾಗಲೆಲ್ಲ ನೀರು.

ಮುಖ ಒಂಬತ್ತು ದಿನದಲ್ಲಿ ಪೂರ್ತಿ ಒಣಗಿತು. ಮೂರು ರಾತ್ರಿ ಮೀಸೆ ಇಲ್ಲದ ಸಣ್ಣ ವೇಷ ಕೊಡುವಂತೆ ಮೇಳದವರನ್ನು ಒಪ್ಪಿಸಲಾಯಿತು. ತೊಟ್ಟಿಲ ಶಾಸ್ತ್ರಕ್ಕೆ ಹೋದರು, ಆದರೆ ಮಗುವನ್ನು ಎತ್ತಲಿಲ್ಲ, ಮಾಸ್ಕ್ ತೆಗೆಯಲಿಲ್ಲ. ಈ ವಿಷಯದಲ್ಲಿ ರಿಯಾಯಿತಿ ಸಲ್ಲದು. ಹುಟ್ಟಿ ಮೊದಲ ನಾಲ್ಕಾರು ವಾರದ ಮಗುವಿಗೆ ಈ ವೈರಸ್ ಮುತ್ತಿನಿಂದ ತಗಲಿದರೆ ಮಿದುಳು, ಯಕೃತ್ತಿಗೆ ಹಬ್ಬಿ ಪ್ರಾಣಕ್ಕೇ ಬರಬಹುದು. ಮೈಮೇಲೆ ಬೊಕ್ಕೆ ಕಾಣಲೇಬೇಕೆಂದಿಲ್ಲ. ಹಾಲು ಕುಡಿಯದಿರುವುದು, ಜ್ವರ ಅಥವಾ ಮೈ ತಣ್ಣಗಾಗುವುದು, ಎಬ್ಬಿಸಿದರೂ ಏಳದಷ್ಟು ಮಂಕು ಕಂಡರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ದು, ಮನೆಯಲ್ಲಿ ಯಾರಿಗೆ ತುಟಿ ಬೊಕ್ಕೆ ಇತ್ತೆಂದು ಹೇಳಬೇಕು. ಬಾಣಂತಿಗೇ ತುಟಿ ಬೊಕ್ಕೆ ಎದ್ದರೆ ಕೈ ತೊಳೆದು, ಮಾಸ್ಕ್ ಹಾಕಿ ಎದೆಹಾಲು ಕೊಡಬಹುದು. ಎದೆಯ ಮೇಲೆ ಬೊಕ್ಕೆ ಇದ್ದರೆ ಆ ಬದಿಯದ್ದು ಕೊಡಬಾರದು.

ಮುಂದಿನ ಸಲಕ್ಕೆ ಯಾವ ಔಷಧ

ಇಲ್ಲಿಂದ ಮುಂದಿನದು ಆಯ್ಕೆಯ ಪ್ರಶ್ನೆ.

ಅಸೈಕ್ಲೊವಿರ್ ಮೈಯಲ್ಲಿ ಕೆಲಸ ಮಾಡುವ ರೀತಿ ತಿಳಿದರೆ ಉಳಿದದ್ದು ಸುಲಭ. ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಂಡದಿಂದ ಬಂದ ಔಷಧ ಇದು. ಅವರಿಗೆ 1988ರಲ್ಲಿ ನೊಬೆಲ್ ಬಂತು. ವೈರಸ್ ಹೊಕ್ಕ ಕೋಶದಲ್ಲಿ ವೈರಸ್ಸಿನದೇ ಕಿಣ್ವ ಈ ಔಷಧವನ್ನು ಚುರುಕುಗೊಳಿಸುತ್ತದೆ, ಅದು ವೈರಸ್ಸಿನ ಡಿಎನ್‌ಎ ನಕಲಾಗುವುದನ್ನು ನಡುವೆಯೇ ಕಡಿಯುತ್ತದೆ. ಆದ್ದರಿಂದ ನಕಲು ನಡೆಯುತ್ತಿರುವಾಗ ಮಾತ್ರ ಇದಕ್ಕೆ ಕೆಲಸ. ತುಟಿ ಬೊಕ್ಕೆಯಲ್ಲಿ ಆ ಭರಾಟೆ ಮೊದಲ ಒಂದೆರಡು ದಿನಕ್ಕೇ ಮುಗಿಯುತ್ತದೆ. ಹೊಪ್ಪಳೆ ಕಟ್ಟಿದ ಮೇಲೆ ಹಚ್ಚುವ ಕ್ರೀಮಾಗಲಿ, ನುಂಗುವ ಮಾತ್ರೆಯಾಗಲಿ ತಡವಾಯಿತೆಂದೇ ಲೆಕ್ಕ.

5% ಅಸೈಕ್ಲೊವಿರ್ ಕ್ರೀಮನ್ನು ಚುಮುಚುಮು ಶುರುವಾದಾಗಿನಿಂದ ದಿನಕ್ಕೆ ಐದು ಸಲ, ನಾಲ್ಕು ದಿನ ಹಚ್ಚಬೇಕು. ಸರಿಯಾಗಿ ಹಚ್ಚಿದರೂ ಬೊಕ್ಕೆಯ ಅವಧಿಯಲ್ಲಿ ಕಡಿಮೆಯಾಗುವುದು ಸುಮಾರು ಅರ್ಧ ದಿನ. ಬಣ್ಣದ ಕೆಳಗೆ ಕ್ರೀಮ್ ನಿಲ್ಲದ ಕಾರಣ ಈ ಕಲಾವಿದರಿಗೆ ಅದು ಆಗದ ಮಾತು. 10% ಡೊಕೊಸನಾಲ್ ಕ್ರೀಮಿನ ಫಲವೂ ಹೆಚ್ಚುಕಮ್ಮಿ ಇಷ್ಟೇ.

ಅಸೈಕ್ಲೊವಿರ್ ಮಾತ್ರೆಯಲ್ಲಿ ಕರುಳು ಹೀರಿಕೊಳ್ಳುವುದು ಐದರಲ್ಲೊಂದು ಪಾಲಿಗೂ ಕಡಿಮೆ. ಐದು ಸಲ ನುಂಗಬೇಕಾದದ್ದು ಅದಕ್ಕೇ. ವ್ಯಾಲಸೈಕ್ಲೊವಿರ್ ಅದರದ್ದೇ ಇನ್ನೊಂದು ರೂಪ, ಅರ್ಧಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ. ಅದನ್ನು 2 ಗ್ರಾಂ ಒಮ್ಮೆ, 12 ಗಂಟೆ ಬಿಟ್ಟು ಇನ್ನೊಮ್ಮೆ 2 ಗ್ರಾಂ, ಅಷ್ಟಕ್ಕೇ ಮುಗಿಯಿತು. ಫ್ಯಾಮ್‌ಸೈಕ್ಲೊವಿರ್ ಆದರೆ 1500 ಮಿ.ಗ್ರಾಂ ಒಂದೇ ಸಲ. ಇವು ಮೂತ್ರಪಿಂಡ ಸರಿಯಿರುವ ದೊಡ್ಡವರ ಪ್ರಮಾಣ. ಮೂತ್ರಪಿಂಡ ಸೋತವರಿಗೆ, ವಯಸ್ಸಾದವರಿಗೆ ವೈದ್ಯರು ಇಳಿಸಿಯೇ ಕೊಡಬೇಕು. ಎಲ್ಲಕ್ಕೂ ಚೀಟಿ ಬೇಕು. ಇವುಗಳಿಂದ ಬೊಕ್ಕೆಯ ಅವಧಿ ಸರಾಸರಿ ಒಂದು ದಿನದಷ್ಟು ಕಡಿಮೆಯಾಗುತ್ತದೆ. ಏಳದಂತೆ ಮಾಡಿಯೇ ತೀರುತ್ತದೆ ಎಂಬ ಭರವಸೆ ಕೊಡುವಂತಿಲ್ಲ.

ವ್ಯಾಲಸೈಕ್ಲೊವಿರ್ 500 ಮಿ.ಗ್ರಾಂನ ಎಂಟು ಮಾತ್ರೆ ಬರೆದುಕೊಟ್ಟು ಬಣ್ಣದ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಲು ಹೇಳಲಾಯಿತು. ಮಾರ್ಚಿನಲ್ಲಿ ಮತ್ತೆ ಚುಮುಚುಮು ಶುರುವಾಯಿತು. ಆಗ ಅವರು ಒಂದೇ ಮಾತ್ರೆ ನುಂಗಿ, ಏಳುತ್ತದೋ ಇಲ್ಲವೋ ನೋಡೋಣ, ದುಬಾರಿ ಮಾತ್ರೆ ಸುಮ್ಮನೆ ಖರ್ಚಾಗುವುದು ಬೇಡ ಎಂದು ಕಾದರು. ಬೆಳಗಾಗುವಾಗ ಗುಳ್ಳೆ ತುಂಬಿತ್ತು. ಉಳಿದ ಮಾತ್ರೆ ದಿನಕ್ಕೊಂದರಂತೆ ನುಂಗಿದರು. ಬೊಕ್ಕೆ ಎಂದಿನಂತೆ ಎಂಟು ದಿನ ಇತ್ತು. ಈ ಔಷಧ ಸೋಲುವುದು ಹೆಚ್ಚಾಗಿ ಹೀಗೆಯೇ, ಇದರಲ್ಲಿ ರೋಗಿಯನ್ನು ದೂರಿ ಉಪಯೋಗವಿಲ್ಲ: ಒಟ್ಟಿಗೆ ನಾಲ್ಕು ಮಾತ್ರೆ ನುಂಗುವುದೆಂದರೆ ಯಾರಿಗೂ ಅಳುಕು, ಚೀಟಿಯಲ್ಲಿ ಮಿಲಿಗ್ರಾಂ ಬರೆದಿತ್ತೇ ಹೊರತು ಎಷ್ಟು ಮಾತ್ರೆ ಎಂದು ಬಿಡಿಸಿ ಬರೆದಿರಲಿಲ್ಲ.

ಮುಂದಿನ ಸಲ ನಾಲ್ಕು ನಾಲ್ಕು ಮಾತ್ರೆಗಳನ್ನು ಎರಡು ಪೊಟ್ಟಣ ಮಾಡಿ, ಮೊದಲನೆಯದರ ಮೇಲೆ “ಚುಮುಚುಮು ಅಂದ ಕೂಡಲೇ, ನಾಲ್ಕೂ”, ಎರಡನೆಯದರ ಮೇಲೆ “12 ಗಂಟೆ ಕಳೆದು, ನಾಲ್ಕೂ” ಎಂದು ಕನ್ನಡದಲ್ಲಿ ಬರೆದು ಕೊಟ್ಟರು. ಏಪ್ರಿಲಿನಲ್ಲಿ ಸಂಜೆ ಏಳರ ಹೊತ್ತಿಗೆ, ಬಣ್ಣಕ್ಕೆ ಕೂರುವ ಮೊದಲು ತುಟಿ ಬಿಗಿಯಿತು. ಮೊದಲ ಪೊಟ್ಟಣ ಆಗಲೇ, ಎರಡನೆಯದು ಮರುದಿನ ಬೆಳಗ್ಗೆ ಏಳಕ್ಕೆ. ಎರಡೇ ಸಣ್ಣ ಗುಳ್ಳೆ ಎದ್ದು ಐದನೆಯ ದಿನಕ್ಕೆ ಉದುರಿತು.

ಚೌಕಿಯಲ್ಲಿ ಮಾಡಿಕೊಂಡ ಬದಲಾವಣೆ

ಬಣ್ಣ ಕಲಸುವ ಗರಟೆ, ಕಡ್ಡಿ, ನೀರಿನ ಲೋಟ, ಮುಖ ಒರೆಸುವ ಬಟ್ಟೆ ಸ್ವಂತದ್ದು. ಬೀಡಿ, ಸುಣ್ಣದ ಡಬ್ಬಿ ಹಂಚುವುದಿಲ್ಲ. ಬೊಕ್ಕೆ ಕಾಣದ ದಿನವೂ ಎಂಜಲಲ್ಲಿ ವೈರಸ್ ಇರಬಹುದು, ಹಸಿ ಗುಳ್ಳೆಯ ದಿನಗಳಲ್ಲಂತೂ ಹೇರಳ. ಹೊಪ್ಪಳೆ ಒಣಗುವವರೆಗೆ ಆ ಜಾಗಕ್ಕೆ ಬಣ್ಣವೂ ಇಲ್ಲ, ಗೋಂದೂ ಇಲ್ಲ. ಬಣ್ಣ ತೆಗೆಯುವಾಗ ಮೊದಲು ಕಣ್ಣು, ಆಮೇಲೆ ಕೆನ್ನೆ, ಕೊನೆಗೆ ತುಟಿ. ಪ್ರತಿ ಜಾಗಕ್ಕೂ ಕೊಬ್ಬರಿ ಎಣ್ಣೆಯದ್ದಿದ ಬೇರೆ ಹತ್ತಿ, ಬಳಸಿದ್ದು ನೇರ ಕಸಕ್ಕೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಕಲಾವಿದರು ಇದನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಬೇಕು.

ಹಗಲಿನ ಪ್ರಯಾಣಕ್ಕೆ ಎಸ್‌ಪಿಎಫ್ 30ರ ತುಟಿಯ ಮುಲಾಮು, ಎರಡು ಗಂಟೆಗೊಮ್ಮೆ. ನಮ್ಮ ಕಡೆ ಒಡೆದ ತುಟಿಗೆ ಮುರುಗಲ ತುಪ್ಪ (ಕೋಕಂ ಬೀಜದ ಕೊಬ್ಬು) ಹಚ್ಚುವುದುಂಟು. ಒಣ ಹೊಪ್ಪಳೆ ಬಿರಿದು ರಕ್ತ ಬರದಂತೆ ಅದು ಚೆನ್ನಾಗಿ ಕಾಯುತ್ತದೆ, ಶುದ್ಧವಾದದ್ದಿದ್ದರೆ ಹಚ್ಚಬಹುದು. ವೈರಸ್ಸಿಗೆ ಅದು ಔಷಧವಲ್ಲ, ಬಿಸಿಲನ್ನು ತಡೆಯಲೂ ಸಾಲದು. ಸುಣ್ಣ, ಟೂತ್‌ಪೇಸ್ಟ್ ಹಚ್ಚಿದರೆ ಚರ್ಮ ಸುಡುತ್ತದೆ. ಉರಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಸಾಕು.

ಜ್ವರದ ಜೊತೆ ಬೊಕ್ಕೆ ಎದ್ದರೆ ಜ್ವರವನ್ನು ಬೇರೆಯಾಗಿಯೇ ನೋಡಬೇಕು. ಜ್ವರದಿಂದ ಬೊಕ್ಕೆ ಏಳುತ್ತದೆ, ಹಳೆಯ ಬೊಕ್ಕೆ ಮತ್ತೆ ಎದ್ದದ್ದರಿಂದ ಮೈ ಸುಡುವ ಜ್ವರ ಬರುವುದಿಲ್ಲ. ತಿರುಗಾಟದ ತಿಂಗಳುಗಳೇ ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆಯ ತಿಂಗಳುಗಳೂ ಹೌದು; ಕಾಡಂಚಿನ ಊರಿನಲ್ಲಿ ಉಳಿದು ಬಂದವರು ಜ್ವರವನ್ನು ತಾತ್ಸಾರ ಮಾಡಬಾರದು.

ಎರಡನೆಯ ತಿರುಗಾಟ

ಹನ್ನೆರಡು ತಿಂಗಳಲ್ಲಿ ಆರು ಸಲ ದಾಟಿದ್ದರಿಂದ ದಿನವೂ ಔಷಧ ನುಂಗಿ ತಡೆಯುವ ದಾರಿಯ ಬಗ್ಗೆ ಮಳೆಗಾಲದಲ್ಲಿ ಕೂತು ಮಾತಾಡಲಾಯಿತು. ಅಸೈಕ್ಲೊವಿರ್ 400 ಮಿ.ಗ್ರಾಂ ದಿನಕ್ಕೆರಡು ಸಲ ಅಥವಾ ವ್ಯಾಲಸೈಕ್ಲೊವಿರ್ 500 ಮಿ.ಗ್ರಾಂ ದಿನಕ್ಕೊಂದು. ಮೊದಲನೆಯದು ಅಗ್ಗ, ಕಲಾವಿದರು ಎರಡನೆಯದನ್ನು ಆರಿಸಿದರು, ಎದ್ದ ಕೂಡಲೇ ಚಹಾದ ಜೊತೆ ಒಂದು ನುಂಗಿದರೆ ಮರೆಯುವುದಿಲ್ಲ ಎಂದು. ಮಳೆಗಾಲದಲ್ಲಿ ಒಂದೂ ಏಳದ್ದರಿಂದ ವರ್ಷಪೂರ್ತಿ ಬೇಡ, ಡಿಸೆಂಬರ್ ನಡುವಿನಿಂದ ಮೇ ಕೊನೆಯವರೆಗೆ ಸಾಕು ಎಂಬುದು ತೀರ್ಮಾನ. ಮೊಣಕಾಲಿಗೆ ಡೈಕ್ಲೋಫೆನಾಕ್ ಬಿಟ್ಟು ವ್ಯಾಯಾಮ ಹೇಳಿಸಿಕೊಂಡರು. ಶುರುವಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಕ್ರಿಯಾಟಿನಿನ್ ನೋಡಲಾಯಿತು, ಎರಡೂ ಸರಿ ಇದ್ದವು. ಆ ತಿರುಗಾಟದಲ್ಲಿ ಎದ್ದದ್ದು ಒಂದೇ ಸಲ, ಏಪ್ರಿಲಿನಲ್ಲಿ, ಸಣ್ಣದಾಗಿ.

ಜೂನಿನಲ್ಲಿ ಮಾತ್ರೆ ನಿಲ್ಲಿಸುವಾಗ ವೈದ್ಯರು ಕವಳದ ಮಾತು ಎತ್ತಿದರು. ತುಟಿಯ ಮೇಲಿನ ಯಾವ ಹುಣ್ಣಾದರೂ ಮೂರು ವಾರ ದಾಟಿ ಒಣಗದಿದ್ದರೆ, ಅಂಚು ಗಟ್ಟಿಯಾಗಿದ್ದರೆ, ಅದನ್ನು ಬೊಕ್ಕೆ ಎಂದುಕೊಂಡು ಮಾತ್ರೆ ನುಂಗುತ್ತ ಕೂರಬಾರದು. ಸಣ್ಣ ಚೂರು ತೆಗೆದು ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಹೊಗೆಸೊಪ್ಪು ಬಿಡಲು ಅವರು ಒಪ್ಪಿದ್ದಾರೆ. ಮುಂದಿನ ಡಿಸೆಂಬರಿಗೆ ದಿನದ ಮಾತ್ರೆ ಮತ್ತೆ ಬೇಕೋ, ಎರಡು ಪೊಟ್ಟಣವೇ ಸಾಕೋ ಎಂಬುದನ್ನು ನವೆಂಬರಿನಲ್ಲಿ ಎಷ್ಟು ಸಲ ಏಳುತ್ತದೆ ನೋಡಿ ನಿರ್ಧರಿಸುವುದೆಂದು ಆಗಿದೆ.